ಕೊಂಡ ಚೀಲ, ಹೊಲಿದ ಚೀಲ

ಮನೆಯಿಂದ ಸಂತೆಗೆ ಹೊರಡುವವರ ಕೈಯಲ್ಲಿ ಚೀಲವಿರಬೇಕೆಂದು ಯಾರೂ ಯಾರಿಗೂ ಬುದ್ಧಿ ಹೇಳಬೇಕಾಗಿರದ ಕಾಲವೊಂದಿತ್ತು. ನಮ್ಮ ನುಡಿಯಲ್ಲಿ ಚೀಲಕ್ಕಿರುವ ಹೆಸರುಗಳೇ ಅದಕ್ಕೆ ಸಾಕ್ಷಿ. ಸಂತೆಗೆ ಕೈಚೀಲ, ಶಾಲೆಗೆ ಬಗಲುಚೀಲ, ಭಿಕ್ಷೆಗೆ ಜೋಳಿಗೆ, ಧಾನ್ಯಕ್ಕೆ ಗೋಣಿ, ಹೆಗಲ ಎರಡೂ ಬದಿಗೆ ಇಳಿಬೀಳುವ ಹಸಿಬೆ, ಎಲೆ ಅಡಿಕೆಗೆ ಸಂಚಿ. ಅಜ್ಜಿಯರ ಸೊಂಟದಲ್ಲಿರುತ್ತಿದ್ದ ಆ ಸಂಚಿಯ ರಚನೆಯಲ್ಲಿ ಎಂತಹ ಜಾಣ್ಮೆಯಿತ್ತು! ಎಲೆಗೊಂದು ಅರೆ, ಅಡಿಕೆಗೊಂದು ಅರೆ, ಚಿಲ್ಲರೆ ಕಾಸಿಗೆ ಒಳಗಡೆ ಇನ್ನೊಂದು ಅರೆ; ಲಾಡಿ ಎಳೆದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇಂತಹ ಚೀಲಗಳಿಗೆ ಬಟ್ಟೆ ಬರುತ್ತಿದ್ದುದು ಹೆಚ್ಚಾಗಿ ಮನೆಯ ಹಳೆಯ ಅರಿವೆಯ ಗಂಟಿನಿಂದ. ಉತ್ತರ ಕರ್ನಾಟಕದ ತಾಯಂದಿರು ಹರಿದ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿದದ್ದೂ ಇದೇ ಬಾಳಿನ ವಿವೇಕದಿಂದ.

ಪ್ಲಾಸ್ಟಿಕ್ ಬಂದು ಈ ವಿವೇಕವನ್ನು ಬದಿಗೆ ಸರಿಸಿತು. ಕರಾವಳಿಯವರು 'ತೊಟ್ಟೆ' ಎಂದೂ ಘಟ್ಟದ ಮೇಲಿನವರು 'ಕವರ್' ಎಂದೂ ಕರೆಯುವ ತೆಳುಚೀಲ ಅಂಗಡಿಯಲ್ಲಿ ಪುಕ್ಕಟೆಯಾಗಿ ದೊರೆಯತೊಡಗಿದ ಮೇಲೆ ಬರಿಗೈಯಲ್ಲಿ ಹೋಗುವುದೇ ನಾಗರಿಕತೆಯೆನಿಸಿತು. ಅದರ ಫಲವನ್ನು ನಾವು ಚರಂಡಿಗಳಲ್ಲಿ, ಕೆರೆಗಳಲ್ಲಿ, ಬೀದಿ ದನಗಳ ಹೊಟ್ಟೆಯಲ್ಲಿ ಕಂಡಿದ್ದೇವೆ. ಕಾನೂನು ಸುಮ್ಮನೆ ಕುಳಿತಿಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು ಕೈಚೀಲದ ಕನಿಷ್ಠ ದಪ್ಪವನ್ನು 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್‌ಗೂ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗೂ ಏರಿಸಿತು. ಆದರೂ ಮೀನು ಮಾರುಕಟ್ಟೆಯಲ್ಲಿ, ಹೂವಿನ ಅಂಗಡಿಯಲ್ಲಿ, ತರಕಾರಿ ಗಾಡಿಯಲ್ಲಿ ತೆಳುಚೀಲ ಇಂದಿಗೂ ಕಾಣುತ್ತದೆ. ಕೊಡುವವನನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಬರಿಗೈಯಲ್ಲಿ ಬಂದು ನಿಲ್ಲುವ ಗಿರಾಕಿಯಿರುವ ತನಕ ಅವನೂ ಅದನ್ನು ಕೌಂಟರಿನ ಕೆಳಗೆ ಇಟ್ಟುಕೊಂಡೇ ಇರುತ್ತಾನೆ.

ನಿಷೇಧದ ನಂತರ ಬಟ್ಟೆ ಚೀಲಕ್ಕೆ ಮರಳಿ ಗೌರವ ಬಂದಿದೆ ಎಂಬುದು ಸಂತೋಷದ ವಿಷಯವೇ. ಆದರೆ ಬಟ್ಟೆ ಚೀಲವೆಂದು ನಾವು ಈಗ ಹಿಡಿದು ತಿರುಗುವುದೆಲ್ಲ ಬಟ್ಟೆಯೇ? ಮದುವೆಯಲ್ಲಿ, ರೋಸ್ ಸಮಾರಂಭದಲ್ಲಿ, ಮಕ್ಕಳ ಪ್ರಥಮ ಪರಮಪ್ರಸಾದದ ಔತಣದಲ್ಲಿ, ಜವಳಿ ಅಂಗಡಿಯಲ್ಲಿ ನಮ್ಮ ಕೈಗೆ ಬರುವ ಬಣ್ಣಬಣ್ಣದ ಹಗುರ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ; ಒತ್ತಿದಂತಹ ಸಣ್ಣ ಚುಕ್ಕೆಗಳು ಮಾತ್ರ ಸಾಲಾಗಿ ಕಾಣುತ್ತವೆ. ಇದು ನೇಯದ ಬಟ್ಟೆ, ಅಂದರೆ ಮಾರುಕಟ್ಟೆಯವರು 'ನಾನ್‌ವೋವನ್' ಎನ್ನುವ ವಸ್ತು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಎಳೆ ತೆಗೆದು, ಕಾವು ಕೊಟ್ಟು ಒತ್ತಿ ಇದನ್ನು ಮಾಡುತ್ತಾರೆ. ಕೇಂದ್ರದ ನಿಯಮಗಳೂ ಇದನ್ನು ಪ್ಲಾಸ್ಟಿಕ್ ಚೀಲವೆಂದೇ ಪರಿಗಣಿಸಿ, ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಕವಿರಬೇಕೆಂದು ವಿಧಿಸಿವೆ. ಬಿಸಿಲಿಗೆ ಬಿದ್ದರೆ ಪುಡಿಪುಡಿಯಾಗಿ ಉದುರುವ ಈ ಚೀಲವನ್ನು ಪರಿಸರಪ್ರೇಮದ ಗುರುತೆಂದು ಅತಿಥಿಗಳಿಗೆ ಹಂಚುವುದು ಆತ್ಮವಂಚನೆಯಲ್ಲದೆ ಮತ್ತೇನು?

ಹಾಗಾದರೆ ಅಂಗಡಿಯಿಂದ ಅಪ್ಪಟ ಹತ್ತಿಯ ಹೊಸ ಚೀಲವನ್ನು ಕೊಂಡರಾಯಿತಲ್ಲ ಎಂದು ಕೇಳಬಹುದು. ಅಲ್ಲಿಯೂ ಒಂದು ಲೆಕ್ಕವಿದೆ. ಹತ್ತಿ ಗಿಡ ನೀರು ಬೇಡುತ್ತದೆ, ಗೊಬ್ಬರ ಬೇಡುತ್ತದೆ, ಕೀಟನಾಶಕ ಬೇಡುತ್ತದೆ. ಒಂದು ಕಿಲೋ ಹತ್ತಿ ಬಟ್ಟೆ ಸಿದ್ಧವಾಗಲು ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ವ್ಯಯವಾಗುತ್ತದೆ ಎಂಬುದು ತಜ್ಞರ ಅಂದಾಜು. ಬ್ರಿಟನ್ನಿನ ಪರಿಸರ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೂ ಸ್ಪಷ್ಟವಾಗಿ ಹೇಳಿತು: ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಭೂಮಿಯ ತಾಪಕ್ಕೆ ಕಡಿಮೆ ಹೊರೆಯಾಗಬೇಕಾದರೆ ಹೊಸ ಹತ್ತಿ ಚೀಲವನ್ನು ಕನಿಷ್ಠ 131 ಬಾರಿ ಬಳಸಬೇಕು. ವಾರಕ್ಕೊಮ್ಮೆ ಸಂತೆಗೆ ಒಯ್ಯುವ ಚೀಲವಾದರೆ ಇದು ಎರಡೂವರೆ ವರ್ಷದ ಲೆಕ್ಕ. ಸಮ್ಮೇಳನಕ್ಕೊಂದು, ಜಾತ್ರೆಗೊಂದು, ಅಂಗಡಿಗೊಂದು ಎಂದು ಹೊಸ ಹತ್ತಿ ಚೀಲಗಳನ್ನು ತಂದು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುವ ಮನೆಯು ಪ್ಲಾಸ್ಟಿಕ್ ಬಿಟ್ಟಿರಬಹುದು. ಎಸೆಯುವ ಚಟವನ್ನು ಬಿಟ್ಟಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಚೀಲವನ್ನು ಕೊಳ್ಳಬಾರದು, ಹೊಲಿಯಬೇಕು, ಅದೂ ಮನೆಯಲ್ಲಿ ಈಗಾಗಲೇ ಇರುವ ಬಟ್ಟೆಯಿಂದ ಹೊಲಿಯಬೇಕು. ಹಳೆಯ ಸೀರೆಯ ಹತ್ತಿಯನ್ನು ಬೆಳೆದು, ನೂತು, ನೇಯ್ದು ಆಗಿದೆ. ಅದಕ್ಕೆ ತಗಲಿದ ನೀರು ಅಂದೇ ಹರಿದು ಹೋಗಿದೆ. ಉಟ್ಟು ಬಿಟ್ಟ ಮೇಲೂ ಅದರಿಂದ ಇನ್ನೈದು ವರ್ಷ ಕೆಲಸ ಪಡೆದರೆ ಅದು ಪೂರ್ತಿ ಲಾಭವೇ. ಎರಡನೆಯ ಕಾರಣ ಮನುಷ್ಯ ಸ್ವಭಾವಕ್ಕೆ ಸಂಬಂಧಿಸಿದ್ದು. ಪುಕ್ಕಟೆ ಬಂದದ್ದನ್ನು ಕೈ ಸಲೀಸಾಗಿ ಎಸೆಯುತ್ತದೆ. ತಾನೇ ದಾರ ಪೋಣಿಸಿ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿದದ್ದನ್ನು ಬಸ್ಸಿನಲ್ಲಿ ಮರೆತು ಬಂದರೆ ಮನಸ್ಸು ಮರುಗುತ್ತದೆ. ಹರಿದರೆ ತೇಪೆ ಹಾಕುತ್ತದೆ.

ಹೊಲಿಗೆ ಬಾರದವರು ಹೆದರಬೇಕಾಗಿಲ್ಲ. ರವಿಕೆ ಹೊಲಿಯುವ ಕೌಶಲ ಇದಕ್ಕೆ ಬೇಡ, ನೇರ ಗೆರೆಯಲ್ಲಿ ಹೊಲಿಯಬಲ್ಲವರೆಲ್ಲ ಚೀಲ ಹೊಲಿಯಬಲ್ಲರು. 16 ಅಂಗುಲ ಅಗಲ, 36 ಅಂಗುಲ ಉದ್ದದ ಒಂದೇ ತುಂಡನ್ನು ಕತ್ತರಿಸಿ ನಡುವೆ ಮಡಚಿದರೆ ಚೀಲದ ಒಡಲು ಸಿದ್ಧವಾಯಿತು. ತಳದಲ್ಲಿ ಮಡಿಕೆಯೇ ಇರುವುದರಿಂದ ಅಲ್ಲಿ ಹೊಲಿಗೆಯಿಲ್ಲ. ಹೊಲಿಗೆಯಿಲ್ಲದ ಕಡೆ ಬಿಚ್ಚಿಕೊಳ್ಳುವ ಭಯವೂ ಇಲ್ಲ. ಎರಡು ಪಕ್ಕಗಳನ್ನು ಮೊದಲು ಬಟ್ಟೆಯ ಒಳಮೈ ಒಳಗಿರುವಂತೆ ಕಾಲು ಅಂಗುಲ ಬಿಟ್ಟು ಹೊಲಿದು, ಅನಂತರ ತಿರುವಿ ಹಾಕಿ ಮತ್ತೊಮ್ಮೆ ಹೊಲಿಯಬೇಕು. ಹೀಗೆ ಮಾಡಿದರೆ ಕತ್ತರಿಸಿದ ಅಂಚು ಹೊಲಿಗೆಯೊಳಗೆ ಅಡಗಿ ಎಳೆ ಬಿಡುವುದಿಲ್ಲ. ಕಾಳು ಕಡಿಗಳೂ ಸಂದಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಬಾಯಿಯನ್ನು ಎರಡು ಅಂಗುಲ ಒಳಮಡಚಿ ಸುತ್ತಲೂ ಹೊಲಿಯಬೇಕು. ತಳದ ಎರಡು ಮೂಲೆಗಳನ್ನು ತ್ರಿಕೋನವಾಗಿ ಹಿಡಿದು ಅಡ್ಡಲಾಗಿ ಒಂದು ಹೊಲಿಗೆ ಹಾಕಿದರೆ ಚೀಲವು ನೆಲದ ಮೇಲೆ ಕುಳಿತುಕೊಳ್ಳುತ್ತದೆ.

ಮನೆಯಲ್ಲಿ ಹೊಲಿದ ಚೀಲ ಸೋಲುವುದು ಸಾಮಾನ್ಯವಾಗಿ ಹಿಡಿಕೆಯಲ್ಲಿ. 22 ಅಂಗುಲ ಉದ್ದ, 4 ಅಂಗುಲ ಅಗಲದ ಪಟ್ಟಿಯನ್ನು ನಾಲ್ಕು ಪದರವಾಗಿ ಮಡಚಿ ಒಂದು ಅಂಗುಲಕ್ಕೆ ಇಳಿಸಿ, ಎರಡೂ ಅಂಚಿನಲ್ಲಿ ಹೊಲಿಯಬೇಕು. ಬಾಯಿಗೆ ಕೂಡಿಸುವಾಗ ಒಂದೇ ಗೆರೆಯ ಹೊಲಿಗೆ ಸಾಲದು. ಚೌಕಾಕಾರವಾಗಿ ಹೊಲಿದು ಅದರೊಳಗೆ ಕತ್ತರಿಯಾಕಾರದಲ್ಲಿ ಮೂಲೆಯಿಂದ ಮೂಲೆಗೆ ಹೊಲಿದರೆ ಐದು ಕಿಲೋ ಅಕ್ಕಿಯ ಭಾರವನ್ನೂ ತಾಳುತ್ತದೆ. ಯಂತ್ರವಿಲ್ಲದವರು ಕೈಯಿಂದಲೇ, ಪ್ರತಿ ಹೊಲಿಗೆಗೂ ಸೂಜಿಯನ್ನು ಅರ್ಧ ಹಿಂದಕ್ಕೆ ಇಟ್ಟು, ಜೋಡಿ ದಾರದಲ್ಲಿ ಹೊಲಿದರೆ ಅದೂ ಗಟ್ಟಿಯೇ.

ಬಟ್ಟೆಗಾಗಿ ದೂರ ಹುಡುಕಬೇಕಿಲ್ಲ. 5½ ಗಜದ ಹತ್ತಿ ಸೀರೆ ಎಲ್ಲಿಯೂ ಸವೆಯದೆ ಉಳಿದಿದ್ದರೆ, ತೆಳುವೆಂದು ಎರಡು ಪದರ ಹಾಕಿಕೊಂಡರೂ ಅದರಲ್ಲಿ ಇಂತಹ ಐದು ಚೀಲಗಳೂ ಅವುಗಳ ಹಿಡಿಕೆಗಳೂ ಹುಟ್ಟುತ್ತವೆ. ದಿಂಬಿನ ಗವಸಂತೂ ಹುಟ್ಟಿನಿಂದಲೇ ಚೀಲ. ಹಿಡಿಕೆ ಕೂಡಿಸಿದರೆ ಸಾಕು. ಮಕ್ಕಳಿಗೆ ಗಿಡ್ಡವಾದ ಪ್ಯಾಂಟಿನ ಕಾಲನ್ನು ಕತ್ತರಿಸಿ ತಳ ಹೊಲಿದರೆ ನೀರಿನ ಬಾಟಲಿಗೆ, ಕೊಡೆಗೆ ಒಳ್ಳೆಯ ಚೀಲವಾಗುತ್ತದೆ. ಉಡುಗೊರೆಯಾಗಿ ಬಂದು ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಕುಳಿತಿರುವ ರವಿಕೆ ಕಣಗಳಿಂದ ಲಾಡಿ ಸಂಚಿಗಳನ್ನು ಮಾಡಬಹುದು. ಕನ್ನಡಕಕ್ಕೊಂದು, ಜಪಸರಕ್ಕೊಂದು, ಅಜ್ಜನ ಮಾತ್ರೆಗಳಿಗೊಂದು, ಮಕ್ಕಳ ಪೆನ್ಸಿಲಿಗೊಂದು ಸಂಚಿ ಬೇಡವೆನ್ನುವ ಮನೆ ಯಾವುದು? ತೆಳು ಪಂಚೆಯ ತುಂಡಿನಲ್ಲಿ ಹೊಲಿದ ಸಂಚಿಗಳನ್ನು ತರಕಾರಿ ಅಂಗಡಿಗೆ ಒಯ್ದರೆ ಮೆಣಸಿನಕಾಯಿಗೂ ಬೀನ್ಸಿಗೂ ಬೇರೆ ಬೇರೆ ಕವರು ಕೇಳಬೇಕಾಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ನೈಲಾನ್, ಪಾಲಿಯೆಸ್ಟರ್ ಸೀರೆಯೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಒಂದು ಎಳೆಯನ್ನು ಹಿರಿಯರೊಬ್ಬರು ಬೆಂಕಿಗೆ ತಾಗಿಸಿ ನೋಡಲಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಕೃತಕ ನೂಲಾದರೆ ಕರಗಿ ಗಂಟು ಕಟ್ಟುತ್ತದೆ. ಹಾಗೆಂದು ಅಂತಹ ಸೀರೆಯನ್ನು ಎಸೆಯಬೇಕೆಂದಲ್ಲ. ಅದರಿಂದಲೂ ಗಟ್ಟಿ ಚೀಲವೇ ಆಗುತ್ತದೆ. ಬಿಸಿ ತಿಂಡಿಯನ್ನು ಅದರಲ್ಲಿ ಕಟ್ಟದಿದ್ದರಾಯಿತು.

ಆಕ್ಷೇಪಗಳು ಬಾರದಿರವು. ಮೀನು, ಮಾಂಸ ತರಲು ಬಟ್ಟೆ ಚೀಲವಾಗದು ಎನ್ನುವ ಮಾತು ನಿಜ. ಅದಕ್ಕೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯೇ ಸರಿ; ಡಬ್ಬಿಯನ್ನು ಹೊರಲು ಬಟ್ಟೆ ಚೀಲವಿದ್ದೇ ಇದೆ. ಮರೆತು ಹೋಗುತ್ತದೆ ಎನ್ನುವವರು ಒಂದನ್ನು ಸ್ಕೂಟರಿನ ಡಿಕ್ಕಿಯಲ್ಲಿಯೂ ಒಂದನ್ನು ಕಚೇರಿಯ ಬ್ಯಾಗಿನಲ್ಲಿಯೂ ಸದಾ ಇಡಲಿ. ಒಗೆದ ಕೂಡಲೇ ಮತ್ತೆ ಅಲ್ಲಿಯೇ ಸೇರಿಸುವ ರೂಢಿ ಮಾಡಿಕೊಳ್ಳಲಿ. ಹಳೆಯ ಸೀರೆಯ ಚೀಲ ಹಿಡಿದು ಪೇಟೆಗೆ ಹೋಗಲು ಸಂಕೋಚವೆನ್ನುವವರೂ ಇದ್ದಾರೆ. ಜವಳಿ ಅಂಗಡಿಯ ಹೆಸರನ್ನು ದೊಡ್ಡಕ್ಷರದಲ್ಲಿ ಹೊತ್ತು ಬೀದಿಯುದ್ದಕ್ಕೂ ಪುಕ್ಕಟೆ ಜಾಹೀರಾತು ನೀಡುವಾಗ ಬಾರದ ಸಂಕೋಚ ತಾಯಿಯ ಸೀರೆಯ ವಿಷಯದಲ್ಲಿ ಏಕೆ ಬರಬೇಕು?

ಇನ್ನೊಂದು ಮಾತನ್ನು ಪಾಲಕರಿಗೆ ಒತ್ತಿ ಹೇಳಬೇಕಾಗಿದೆ. ಹೊಲಿಗೆಯೆಂದೊಡನೆ ನಾವು ಹೆಣ್ಣುಮಕ್ಕಳ ಕಡೆಗೇ ನೋಡುತ್ತೇವೆ. ಆದರೆ ನಮ್ಮ ಪೇಟೆಗಳಲ್ಲಿ ತಲೆಮಾರುಗಳಿಂದ ಯಂತ್ರ ತುಳಿದು ಸಂಸಾರ ಸಾಕಿದ ದರ್ಜಿಗಳಲ್ಲಿ ಗಂಡಸರೇನು ಕಡಿಮೆಯೇ? ಯಂತ್ರಗಳನ್ನು ಕಟುವಾಗಿ ವಿಮರ್ಶಿಸಿದ ಗಾಂಧೀಜಿಯವರೇ 1924ರಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಮನುಷ್ಯನ ದುಡಿಮೆಯನ್ನು ಕಸಿಯದೆ ಅವನ ಶ್ರಮವನ್ನು ಹಗುರಗೊಳಿಸುವ ಯಂತ್ರವೆಂದು ಅದನ್ನು ಮೆಚ್ಚಿದ್ದರು. ಗುಂಡಿ ಹೊಲಿಯಲು, ಅಂಚು ಮಡಚಲು, ಚೀಲ ಹೊಲಿಯಲು ಬರುವ ಹುಡುಗನು ನಾಳೆ ಪರಸ್ಥಳದ ಹಾಸ್ಟೆಲಿನಲ್ಲಿಯೋ ಪರದೇಶದ ಬಾಡಿಗೆ ಕೋಣೆಯಲ್ಲಿಯೋ ಯಾರ ಹಂಗಿಲ್ಲದೆ ಬಾಳುತ್ತಾನೆ. ರಜೆಯ ಒಂದು ಮಧ್ಯಾಹ್ನ ಅಣ್ಣ ತಂಗಿ ಇಬ್ಬರೂ ಅಮ್ಮನ ಬಳಿ ಕುಳಿತು ಒಂದೊಂದು ಸಂಚಿ ಹೊಲಿಯಲಿ. ಹೊಲಿಗೆ ಡೊಂಕಾದರೂ ಚಿಂತೆಯಿಲ್ಲ.

ನಮ್ಮ ಧರ್ಮಕೇಂದ್ರಗಳಿಗೆ ಈ ಕೆಲಸ ಹೊಸದೇನಲ್ಲ. ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ತಬಿಥಾಳನ್ನು ನೆನೆಯೋಣ. ಆಕೆ ತೀರಿಕೊಂಡಾಗ ವಿಧವೆಯರು ಪೇತ್ರರಿಗೆ ಅಳುತ್ತಾ ತೋರಿಸಿದ್ದು ಆಕೆ ತಮಗಾಗಿ ಮಾಡಿಕೊಟ್ಟ ಉಡುಪುಗಳನ್ನು. ಧರ್ಮಭಗಿನಿಯರ ಹೊಲಿಗೆ ತರಗತಿಗಳು ನಮ್ಮ ಅನೇಕ ಊರುಗಳಲ್ಲಿ ಬಡ ಹೆಣ್ಣುಮಕ್ಕಳಿಗೆ ಜೀವನೋಪಾಯ ಕಲಿಸಿವೆ. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸೀ' ವಿಶ್ವ ಪರಿಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದ್ದಲ್ಲದೆ, ಪ್ಲಾಸ್ಟಿಕ್ ಬಳಕೆ ತಗ್ಗಿಸುವಂತಹ ದಿನನಿತ್ಯದ ಸಣ್ಣ ನಡೆಗಳಿಗೂ ಬೆಲೆಯಿದೆಯೆಂದು ತಿಳಿಸಿದ್ದರು. ಸೆಪ್ಟೆಂಬರ್ 8ರ ಕನ್ಯಾಮರಿಯಮ್ಮನವರ ಜನ್ಮೋತ್ಸವಕ್ಕೆ ಮುಂಚಿನ ನೊವೇನಾ ದಿನಗಳಲ್ಲಿ ಮಕ್ಕಳು ಹೂವು ತರುತ್ತಾರಲ್ಲ, ಆ ಹೂವಿಗೆ ಅವರೇ ಹೊಲಿದ ಸಂಚಿಯಿದ್ದರೆ ಎಷ್ಟು ಚೆನ್ನ!

ಸಮಾರಂಭಗಳಿಗೆ ಚೀಲ ಬೇಕೇ ಬೇಕೆನ್ನುವ ಕುಟುಂಬಗಳು ಅದನ್ನು ಊರಿನಲ್ಲಿಯೇ ಹೊಲಿದು ಬದುಕುವ ಹೆಣ್ಣುಮಕ್ಕಳಿಂದ ಹೊಲಿಸಲಿ. ಆದರೆ ಕಾರ್ಖಾನೆಯ ನಾನ್‌ವೋವನ್ ಚೀಲದ ದರವನ್ನು ಮುಂದಿಟ್ಟು ಅವರೊಡನೆ ಚೌಕಾಸಿ ಮಾಡಬಾರದು. ಮಂಟಪದ ಹೂವಿನ ಅಲಂಕಾರಕ್ಕೆ ಕೇಳಿದಷ್ಟು ಕೊಟ್ಟು, ಚೀಲ ಹೊಲಿದವಳ ಕೂಲಿಯಲ್ಲಿ ಎರಡು ರೂಪಾಯಿ ಕಡಿತ ಮಾಡುವುದು ನ್ಯಾಯವಲ್ಲ. ನೂರು ಜನರಿಗೆ ಕೊಡುವ ಶಕ್ತಿಯಿಲ್ಲದಿದ್ದರೆ ಯಾರಿಗೂ ಕೊಡದಿರುವುದೇ ಮೇಲು. ಚೀಲ ಸಿಗಲಿಲ್ಲವೆಂದು ಆಶೀರ್ವದಿಸದೆ ಹೋದ ಅತಿಥಿ ಯಾರೂ ಇರಲಾರರು.

ಒಂದು ಚೀಲದಿಂದ ಲೋಕ ಉದ್ಧಾರವಾಗುವುದೇ ಎಂದು ನಗುವವರು ನಗಲಿ. ಕಾರ್ಖಾನೆಗಳನ್ನು ತಿದ್ದುವ ಹೊಣೆ ಸರ್ಕಾರದ್ದು. ಅದನ್ನು ಕೇಳುವುದನ್ನೂ ನಾವು ಬಿಡಬಾರದು. ಆದರೆ ನಮ್ಮ ಮನೆಯ ಬಾಗಿಲಿನಿಂದ ಹೊರಗೆ ಹೋಗುವ ಕಸದ ಹೊಣೆ ನಮ್ಮದೇ. ಈ ವಾರ ಕಪಾಟಿನಿಂದ ಒಂದು ಹಳೆಯ ಸೀರೆಯನ್ನು ತೆಗೆಯೋಣ. ಕತ್ತರಿ, ಸೂಜಿ, ದಾರ ಹುಡುಕೋಣ. ಹೊಲಿದ ಚೀಲವನ್ನು ಶನಿವಾರ ಮಾರುಕಟ್ಟೆಗೆ ಒಯ್ಯೋಣ. ಅಂಗಡಿಯವನು ರೂಢಿಯಂತೆ ಕವರಿಗೆ ಕೈ ಹಾಕುವ ಮೊದಲೇ ಅದರ ಬಾಯಿ ಬಿಡಿಸಿ ಹಿಡಿಯೋಣ.