ಕ್ಲೀನೂ ಬೇಕು, ಕ್ರಂಚೂ ಬೇಕು!

ಗಿಟಾರ್ ನುಡಿಸೋ ಗೆಳೆಯರು ಸಿಕ್ಕಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ: "ಒಂದು ಟ್ಯೂಬ್ ಆಂಪ್ ತಗೋಬೇಕು ಮಾರಾಯ. ಕ್ಲೀನೂ ಚೆನ್ನಾಗಿರಬೇಕು, ಕ್ರಂಚೂ ಬರಬೇಕು. ಯಾವುದು ತಗೊಳ್ಳಲಿ?" ಇದಕ್ಕೆ ಎಲ್ಲರೂ ಕೊಡೋ ಉತ್ತರ ಒಂದೇ, ಎರಡು ಚಾನೆಲ್ ಇರೋದು ತಗೋ. ಒಂದರಲ್ಲಿ ಕ್ಲೀನು, ಇನ್ನೊಂದರಲ್ಲಿ ಕ್ರಂಚು, ಕಾಲಲ್ಲಿ ಸ್ವಿಚ್ ಒತ್ತಿದರೆ ಆಯ್ತು. ಕೇಳೋಕೆ ಬಹಳ ಚೆನ್ನಾಗಿದೆ. ಆದರೆ ನನಗೆ ಈ ಸಲಹೆ ಒಪ್ಪಿಗೆಯಿಲ್ಲ. ಯಾಕೆ ಅಂತ ಬರೀಬೇಕು ಅಂದ್ಕೊಂಡು ಬಹಳ ದಿನ ಆಯ್ತು. ಇವತ್ತು ಭಾನುವಾರ, ಕರೆಂಟೂ ಇದೆ, ಬರೆದುಬಿಡ್ತೀನಿ.

ಗಿಟಾರ್ ಗೀಳು ಹತ್ತದ ಪುಣ್ಯವಂತರಿಗೆ ಮೊದಲು ಎರಡು ಮಾತು. ಟ್ಯೂಬ್ ಅಂದರೆ ಬೇರೇನಲ್ಲ, ನಮ್ಮ ಅಜ್ಜಂದಿರ ಕಾಲದ ರೇಡಿಯೋದಲ್ಲಿ ಇರ್ತಿತ್ತಲ್ಲ, ಆ ವಾಲ್ವು. ಸ್ವಿಚ್ ಹಾಕಿದ ಮೇಲೆ ಅದು ಬೆಚ್ಚಗಾಗಿ ಪ್ರದೇಶ ಸಮಾಚಾರ ಕೇಳಿಸೋಕೆ ಒಂದರ್ಧ ನಿಮಿಷ ಕಾಯಬೇಕಿತ್ತು. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನಲ್ಲೇ 1961ರಿಂದ ರೇಡಿಯೋ ವಾಲ್ವು ತಯಾರಾಗ್ತಿತ್ತು. ಟ್ರಾನ್ಸಿಸ್ಟರ್ ಬಂತು, ರೇಡಿಯೋದಿಂದ, ಟೀವಿಯಿಂದ ವಾಲ್ವು ಮಾಯವಾಯ್ತು. ಗಿಟಾರಿನೋರು ಮಾತ್ರ ಬಿಡಲಿಲ್ಲ. ಕಾರಣ ಅದು ತಪ್ಪು ಮಾಡೋ ರೀತಿ! ವಾಲ್ವಿಗೆ ಅದರ ತಾಕತ್ತು ಮೀರಿದ ಸಿಗ್ನಲ್ ಕೊಟ್ಟರೆ ಅದು ಧಡಕ್ಕನೆ ಕೈ ಎತ್ತೋದಿಲ್ಲ. ಅಲೆಯ ತುದಿಯನ್ನು ನಿಧಾನಕ್ಕೆ ಅದುಮುತ್ತಾ ಹೋಗುತ್ತೆ, ಮೂಲ ಸ್ವರದಲ್ಲಿ ಇಲ್ಲದ ಮೇಲಿನ ನಾದಗಳು ಸೇರ್ಕೊಳ್ತವೆ. ಅದು ಸ್ವಲ್ಪ ಇದ್ದರೆ ಕ್ರಂಚು, ಬಹಳ ಆದರೆ ಮೆಟಲ್‌ನೋರು ಇಷ್ಟಪಡೋ ಘರ್ಜನೆ.

ಸಂಗೀತ ಗೊತ್ತಿದ್ದೋರಿಗೆ ತಂಬೂರಿಯ ಜೀವಾಳ ನೆನಪಾದರೆ ಸಾಕು. ಕುದುರೆಯ ಮೇಲೆ, ತಂತಿಯ ಕೆಳಗೆ ಇಡೋ ಒಂದೆಳೆ ದಾರ. ಅದನ್ನು ಒಂಚೂರು ಆಚೀಚೆ ಸರಿಸಿದರೆ ಸತ್ತಂತಿದ್ದ ತಂತಿ ಝೇಂಕರಿಸುತ್ತೆ, ಇನ್ನೊಂಚೂರು ಜಾಸ್ತಿಯಾದರೆ ಬರೀ ಜುಯ್ ಅನ್ನುತ್ತೆ. ಜೀವಾಳಕ್ಕೆ ಅಂತ ಬೇರೆ ತಂಬೂರಿ ಯಾರೂ ಇಟ್ಕೊಳ್ಳಲ್ಲ. ನನ್ನ ವಾದವೂ ಇಷ್ಟೇ. ಕ್ರಂಚು ಅನ್ನೋದು ಕ್ಲೀನಿನ ಅಂಚು, ಬೇರೆ ಡಬ್ಬಿಯಲ್ಲಿ ಸಿಗೋ ಪದಾರ್ಥ ಅಲ್ಲ. ಆಂಪ್ ಕೊಳ್ಳುವಾಗ ಅದರ ಕ್ಲೀನ್ ಸದ್ದಿಗೆ ದುಡ್ಡು ಕೊಡಿ. ಕ್ರಂಚನ್ನು ಆಮೇಲೆ ಅದರಿಂದಲೇ ಹೊರಡಿಸಬಹುದು.

ಚರಿತ್ರೆ ನೋಡಿದರೂ ಹಾಗೇ ಇದೆ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು, ಗಿಟಾರ್ ನುಡಿಸೋಕೂ ಬರ್ತಿರಲಿಲ್ಲ. ಸದ್ದು ಶುದ್ಧವಾಗಿರಬೇಕು, ಜೋರಾಗಿರಬೇಕು, ಒಡೀಬಾರದು ಅನ್ನೋದು ಅವರ ಹಠ. ಅವರ ಬಾಸ್‌ಮನ್ ಆಂಪ್ ಹೆಸರೇ ಹೇಳೋ ಹಾಗೆ ಬಾಸ್ ಗಿಟಾರಿಗೆ ಅಂತ ಮಾಡಿದ್ದು. ಲಂಡನ್ನಿನಲ್ಲಿ ಡ್ರಮ್ಸ್ ಹೇಳಿಕೊಡ್ತಾ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ತಮ್ಮ ಹುಡುಗರ ಜೊತೆ ಸೇರಿ 1962ರಲ್ಲಿ ಅದೇ ಬಾಸ್‌ಮನ್ ಸರ್ಕ್ಯೂಟನ್ನು ಹೆಚ್ಚುಕಡಿಮೆ ಹಾಗ್‌ಹಾಗೇ ಇಳಿಸಿದರು. ಅದೇ ಜೆಟಿಎಂ45. ಮೊದಲ ವಾಲ್ವು ಮಾತ್ರ ಹೆಚ್ಚು ಗೇನ್ ಇರೋದು. ಫೆಂಡರಿನಲ್ಲಿ ಹಿಂದುಗಡೆ ತೆರೆದ ಪೆಟ್ಟಿಗೆಯಲ್ಲಿ ನಾಲ್ಕು ಹತ್ತಿಂಚಿನ ಸ್ಪೀಕರ್ ಇತ್ತು, ಇಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು ಹನ್ನೆರಡಿಂಚಿನ ಸೆಲೆಸ್ಚನ್. ಅಷ್ಟಕ್ಕೇ ಒಂದು ಕ್ಲೀನ್ ಆಂಪು ರಾಕ್ ಸಂಗೀತದ ಕ್ರಂಚಿಗೆ ಇನ್ನೊಂದು ಹೆಸರಾಗಿಹೋಯ್ತು. ಲಿಯೋ ಯಾವುದನ್ನು ದೋಷ ಅಂತ ತಿಳ್ಕೊಂಡಿದ್ದರೋ ಅದನ್ನೇ ಜನ ದುಡ್ಡು ಕೊಟ್ಟು ಕೊಂಡರು :)

ಕ್ವೀನ್ ತಂಡದ ಬ್ರಯಾನ್ ಮೇ ಇನ್ನೂ ಒಳ್ಳೆ ಉದಾಹರಣೆ. ಅವರು ವಾಕ್ಸ್ ಎಸಿ30 ಆಂಪಿನ ವಾಲ್ಯೂಮನ್ನು ಪೂರ್ತಿ ತಿರುಗಿಸಿ ಇಟ್ಟುಬಿಡ್ತಾರೆ, ಮುಂದೆ ಒಂದು ಟ್ರೆಬಲ್ ಬೂಸ್ಟರ್ ಬೇರೆ. ಕ್ಲೀನ್ ಬೇಕಾದಾಗ? ಗಿಟಾರಿನ ಮೇಲಿರೋ ವಾಲ್ಯೂಮ್ ಕಿವಿಯನ್ನು ಕಿರುಬೆರಳಲ್ಲಿ ಹಿಂದಕ್ಕೆ ತಿರುಗಿಸ್ತಾರೆ, ಅಷ್ಟೇ. ಅದೇ ಚಾನೆಲ್ಲು, ಅದೇ ಆಂಪು. ನಮ್ಮಲ್ಲಿ ಎಷ್ಟೋ ಜನ ಹತ್ತು ವರ್ಷದಿಂದ ನುಡಿಸ್ತಿದ್ದರೂ ಆ ಕಿವಿ ಹತ್ತರ ಮೇಲೇ ತುಕ್ಕು ಹಿಡಿದು ಕೂತಿರುತ್ತೆ. ತಿರುಗಿಸಿದರೆ ಸದ್ದು ಮಂಕಾಗುತ್ತೆ ಅನ್ನೋರಿಗೆ ಒಂದು ಪುಟ್ಟ ಉಪಾಯ ಇದೆ. ಆ ಪಾಟ್‌ಗೆ ಟ್ರೆಬಲ್ ಬ್ಲೀಡ್ ಅನ್ನೋ ಚಿಕ್ಕ ಕೆಪಾಸಿಟರ್ ಹಾಕಿಸಿ. ಬೆಲೆ ಒಂದು ಕಾಫಿಗಿಂತ ಕಡಿಮೆ.

ಇನ್ನು ಎರಡು ಚಾನೆಲ್ ಆಂಪುಗಳ ಮೇಲೆ ನನಗೇನು ದ್ವೇಷ? ದ್ವೇಷ ಇಲ್ಲ, ಅನುಮಾನ. ಕಡಿಮೆ ಬೆಲೆಯವುಗಳಲ್ಲಿ ಅನೇಕ ಸಲ ಎರಡೂ ಚಾನೆಲ್ಲಿಗೆ ಸೇರಿ ಒಂದೇ ಬಾಸ್-ಮಿಡಲ್-ಟ್ರೆಬಲ್ ಇರುತ್ತೆ. ಕ್ಲೀನಿಗೆ ಚೆಂದ ಅಂತ ಇಟ್ಟ ಟ್ರೆಬಲ್ಲು ಕ್ರಂಚಿಗೆ ಹೋದಾಗ ಕಿವಿಗೆ ಸೂಜಿ ಚುಚ್ಚುತ್ತೆ. ಮೇಲಾಗಿ ಡ್ರೈವ್ ಚಾನೆಲ್ಲಿನ ಒಡಕೆಲ್ಲ ಮುಂದಿನ ಪುಟ್ಟ ವಾಲ್ವುಗಳಲ್ಲೇ ಹುಟ್ಟಿ ಮುಗಿಯುತ್ತೆ. ಮಾಸ್ಟರ್ ವಾಲ್ಯೂಮ್ ಒಂದರ ಮೇಲಿದ್ದರೆ ಹಿಂದಿನ ದೊಡ್ಡ ವಾಲ್ವುಗಳು ನಿದ್ದೆಯಲ್ಲೇ ಇರ್ತವೆ. ಮೆಟಲ್ ನುಡಿಸೋರಿಗೆ ಅದೇ ಬೇಕು, ಅವರು ಎರಡಲ್ಲ, ಮೂರು ಚಾನೆಲ್ಲಿಂದು ತಗೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಕ್ರಂಚು ಅಂದರೆ ಅದಲ್ಲ. ಎಸಿ/ಡಿಸಿಯ ಮಾಲ್ಕಮ್ ಯಂಗ್ ಅವರ ರಿದಮ್ ಗಿಟಾರ್ ಕೇಳಿ, ನಾವು ಅಂದುಕೊಳ್ಳೋದಕ್ಕಿಂತ ಎಷ್ಟು ಕಡಿಮೆ ಗೇನ್ ಇದೆ ಅಂತ ಆಶ್ಚರ್ಯ ಆಗುತ್ತೆ. ಪ್ರತಿ ತಂತಿಯೂ ಬೇರೆ ಬೇರೆ ಕೇಳಿಸುತ್ತೆ.

ಸರಿ, ಕ್ಲೀನ್ ನೋಡಿ ಕೊಳ್ಳೋದು ಅಂದ್ರೆ ಎಷ್ಟು ವ್ಯಾಟಿಂದು? ಜನ ಎಡವೋದು ಇಲ್ಲೇ. 30 ವ್ಯಾಟ್ ಅಂದರೆ 15ರ ಎರಡರಷ್ಟು ಜೋರು ಅಂತ ಲೆಕ್ಕ ಹಾಕ್ತಾರೆ. ನಮ್ಮ ಕಿವಿ ಹಾಗೆ ಕೆಲಸ ಮಾಡಲ್ಲ. ವ್ಯಾಟ್ ಎರಡು ಪಟ್ಟಾದರೆ ಹೆಚ್ಚೋದು ಬರೀ 3 ಡೆಸಿಬೆಲ್, 'ಹೌದು, ಸ್ವಲ್ಪ ಜೋರಾಯ್ತು' ಅನ್ನೋಷ್ಟು. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅಂದ್ರೆ 50 ವ್ಯಾಟಿನ ಆಂಪು 5 ವ್ಯಾಟಿನದಕ್ಕಿಂತ ಕೇವಲ ಎರಡರಷ್ಟು ಜೋರು! ಗಿಟಾರ್ ಸ್ಪೀಕರುಗಳು ಸಾಮಾನ್ಯವಾಗಿ ಒಂದೇ ಒಂದು ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, 97ರಿಂದ 100 ಡೆಸಿಬೆಲ್ ಸದ್ದು ಮಾಡ್ತವೆ. ಮಿಕ್ಸಿಯಲ್ಲಿ ಚಟ್ನಿ ರುಬ್ಬೋ ಸದ್ದು ಇದರ ಮುಂದೆ ಏನೂ ಅಲ್ಲ. ಹಾಗಾಗಿ 'ಐದೇ ವ್ಯಾಟು, ಮನೆಗೆ ಸಾಕು' ಅನ್ನೋದು ಅರ್ಧ ನಿಜ. ಅದನ್ನು ಪೂರ್ತಿ ತಿರುಗಿಸಿ ಕ್ರಂಚು ತೆಗೆದರೆ ಕೆಳಗಿನ ಮನೆಯವರು ಮೇಲೆ ಬಂದೇ ಬರ್ತಾರೆ, ಅದೂ ಪರೀಕ್ಷೆ ಸಮಯ ಆಗಿದ್ದರಂತೂ ಕೇಳೋದೇ ಬೇಡ. ಅಂದ ಹಾಗೆ ಇದೇ ಲೆಕ್ಕದಲ್ಲಿ 97ರ ಸ್ಪೀಕರ್ ತೆಗೆದು 100ರದ್ದು ಹಾಕಿದರೆ ಆಂಪಿನ ವ್ಯಾಟ್ ದುಪ್ಪಟ್ಟು ಮಾಡಿದ ಹಾಗೇ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ.

ಹಾಗಾದರೆ ವ್ಯಾಟ್ ಜಾಸ್ತಿ ಇದ್ದರೆ ಏನು ಲಾಭ? ಕ್ಲೀನ್ ಎಷ್ಟು ಜೋರಿನವರೆಗೆ ಒಡೆಯದೆ ಉಳಿಯುತ್ತೆ ಅನ್ನೋದು ಅದರಿಂದ ತೀರ್ಮಾನ ಆಗುತ್ತೆ. ಫೆಂಡರ್ ಟ್ವಿನ್ ರಿವರ್ಬ್ 85 ವ್ಯಾಟು, ನಾಲ್ಕು 6ಎಲ್6 ವಾಲ್ವು. ಅದರ ಕ್ಲೀನಿಗೆ ಸಮ ಇಲ್ಲ. ಆದರೆ ಅದು ಕ್ರಂಚಿಗೆ ಬರೋ ಹೊತ್ತಿಗೆ ಬೀದಿಯೇ ಎದ್ದಿರುತ್ತೆ. ತೂಕ ಸುಮಾರು 29 ಕೆಜಿ, ತುಂಬಿದ ಗ್ಯಾಸ್ ಸಿಲಿಂಡರ್ ಎತ್ತಿದ ಹಾಗೆ. ಡ್ರಮ್ಮರ್ ಜೊತೆ ಆಗಾಗ ನುಡಿಸೋರಿಗೆ ನನ್ನ ಆಯ್ಕೆ ಡೀಲಕ್ಸ್ ರಿವರ್ಬ್. 22 ವ್ಯಾಟು, ಎರಡು 6ವಿ6, ಒಂದು ಹನ್ನೆರಡಿಂಚಿನ ಸ್ಪೀಕರ್. ನಾಲ್ಕರ ಆಸುಪಾಸಿನವರೆಗೆ ಗಂಟೆಯಂಥ ಕ್ಲೀನು, ಅದರಾಚೆ ಮೆಲ್ಲಗೆ ಒಡೆಯೋಕೆ ಶುರು. (ಇದಕ್ಕೂ ಎರಡು ಚಾನೆಲ್ ಇದೆಯಲ್ಲ ಅಂತ ಕೊಂಕು ತೆಗೀಬೇಡಿ, ಎರಡೂ ಕ್ಲೀನೇ!) ಡ್ರಮ್ಸ್ ಸಹವಾಸ ಕಡಿಮೆ ಅಂದ್ರೆ 12 ವ್ಯಾಟಿನ ಪ್ರಿನ್ಸ್‌ಟನ್ ರಿವರ್ಬ್. ಫೆಂಡರಿನ ಹೊಳಪಿಗಿಂತ ಮಧ್ಯದ ಸ್ವರ ತುಂಬಿರಬೇಕು, ಒಡೆಯುವಾಗ ಕಿಣಿಕಿಣಿ ಅನ್ನಬೇಕು ಅನ್ನೋರಿಗೆ ಎರಡು ಇಎಲ್84 ವಾಲ್ವಿನ ವಾಕ್ಸ್ ಎಸಿ15. ಫೆಂಡರ್ ಬ್ಲೂಸ್ ಜೂನಿಯರ್‌ನಲ್ಲಿರೋದೂ ಅದೇ ಎರಡು ಇಎಲ್84, ಅದೇ 15 ವ್ಯಾಟು. ಬಹಳ ಜನರ ಮೊದಲ ಟ್ಯೂಬ್ ಆಂಪ್ ಅದು, ನನಗ್ಯಾಕೋ ಅದರ ಕ್ಲೀನು ಸ್ವಲ್ಪ ಡಬ್ಬದೊಳಗಿಂದ ಬಂದ ಹಾಗೆ ಅನ್ನಿಸುತ್ತೆ. ಇದ್ದೋರು ಬೈಕೊಳ್ಳಿ ಪರವಾಗಿಲ್ಲ.

ಮನೆಯಲ್ಲಿ ಇಷ್ಟೆಲ್ಲ ಜೋರು ಮಾಡೋಕೆ ಆಗಲ್ಲವಲ್ಲ, ಕ್ರಂಚಿಗೆ ಏನು ಗತಿ? ಕ್ಲೀನ್ ಚೆನ್ನಾಗಿರೋ ಆಂಪ್ ಇದ್ದರೆ ಇದಕ್ಕೂ ದಾರಿ ಇದೆ. ಮುಂದೆ ಒಂದು ಓವರ್‌ಡ್ರೈವ್ ಪೆಡಲ್ ಇಡಿ, ಟ್ಯೂಬ್ ಸ್ಕ್ರೀಮರ್ ಜಾತಿಯದು, ಗೇನ್ ಕಡಿಮೆ ಇಟ್ಟು ವಾಲ್ಯೂಮ್ ಸ್ವಲ್ಪ ಏರಿಸಿ. ಮುಕ್ಕಾಲುಪಾಲು ಕೆಲಸ ಆಗುತ್ತೆ. ಕೆಟ್ಟ ಕ್ರಂಚನ್ನು ಪೆಡಲ್ ಸರಿಮಾಡುತ್ತೆ, ಆದರೆ ಕೆಟ್ಟ ಕ್ಲೀನನ್ನು ಸರಿಮಾಡೋ ಪೆಡಲ್ ನಾನಿನ್ನೂ ನೋಡಿಲ್ಲ. ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ ಹಾಕಿ ಶಕ್ತಿಯನ್ನು ಬಿಸಿಯಾಗಿ ಸುಟ್ಟುಬಿಡೋದೂ ಒಂದು ದಾರಿ, ಆದರೆ ಸದ್ದು ತೀರಾ ಇಳಿಸಿದರೆ ಸ್ಪೀಕರಿನ ಜೀವ ಹೋಗುತ್ತೆ.

ರಾತ್ರಿ ಹತ್ತರ ಮೇಲೆ ಮಾತ್ರ ನುಡಿಸೋಕೆ ಬಿಡುವು, ಪಕ್ಕದ ಕೋಣೆಯಲ್ಲಿ ಮಗು ಮಲಗಿರುತ್ತೆ ಅನ್ನೋರಿಗೆ ನಾನು ಟ್ಯೂಬ್ ಆಂಪ್ ತಗೊಳ್ಳಿ ಅಂತ ಹೇಳೋದೇ ಇಲ್ಲ. 2019ರಲ್ಲಿ ಫೆಂಡರ್‌ನೋರೇ ಡೀಲಕ್ಸ್ ರಿವರ್ಬ್ ಅನ್ನು ವಾಲ್ವಿಲ್ಲದೆ, ಡಿಜಿಟಲ್ ಆಗಿ, ಟೋನ್ ಮಾಸ್ಟರ್ ಅಂತ ತಂದರು. ಹಿಂದುಗಡೆ ಸದ್ದು ಇಳಿಸೋ ಸ್ವಿಚ್ ಇದೆ, ತೂಕವೂ ಕಡಿಮೆ. ಎರಡರ ಮೇಲೆ ಎಂದೂ ತಿರುಗಿಸದ ಟ್ಯೂಬ್ ಆಂಪಿಗಿಂತ ಅದು ವಾಸಿ ಅಂತ ನನ್ನ ಅಭಿಪ್ರಾಯ. ವಾಲ್ವು ಸವೆಯೋ ವಸ್ತು ಬೇರೆ. ಈಗ ಅವನ್ನು ಹೆಚ್ಚಾಗಿ ತಯಾರಿಸೋದು ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದಲ್ಲಿ. 2022ರಲ್ಲಿ ರಷ್ಯಾದ ವಾಲ್ವು ಹೊರಬರೋದು ನಿಂತು ಬೆಲೆ ಏರಿದ್ದು ಆಂಪ್ ಇದ್ದೋರಿಗೆಲ್ಲ ನೆನಪಿರುತ್ತೆ.

ಅಮೆರಿಕದಿಂದ ತಮ್ಮನೋ ಭಾವನೋ ಬರ್ತಿದ್ದಾರೆ, ಅವರ ಕೈಲಿ ತರಿಸ್ತೀನಿ ಅನ್ನೋರು ಒಂದು ಗಮನಿಸಿ. ಅಲ್ಲಿ 120 ವೋಲ್ಟ್, ಇಲ್ಲಿ 230. ಅಲ್ಲಿ ಮಾರೋ ಅನೇಕ ಟ್ಯೂಬ್ ಆಂಪುಗಳಿಗೆ 120 ಬಿಟ್ಟು ಬೇರೆ ವೋಲ್ಟೇಜು ಆಗಲ್ಲ. ಸಾಕಷ್ಟು ದೊಡ್ಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಿದರೆ ಕಥೆ ಅಲ್ಲಿಗೇ ಮುಗೀತು. ಸ್ಪೀಕರ್ ವೈರ್ ಕಳಚಿ ಆನ್ ಮಾಡೋದು, ಒಳಗೆ ಏನಿದೆ ನೋಡೋಣ ಅಂತ ಬಿಚ್ಚೋದು, ಎರಡೂ ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಮುನ್ನೂರು ನಾನೂರು ವೋಲ್ಟ್ ಉಳಿದಿರಬಹುದು.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ತಗೊಂಡು ಹೋಗಿ. ರಿವರ್ಬ್ ಪೂರ್ತಿ ಸೊನ್ನೆಗಿಳಿಸಿ, ಅದು ಎಲ್ಲ ಹುಳುಕನ್ನೂ ಮುಚ್ಚುತ್ತೆ. ಒಂದೇ ಒಂದು ಕಾರ್ಡ್ ಮೀಟಿ ಅದು ಸಾಯೋವರೆಗೆ ಕೇಳಿ. ಆಮೇಲೆ ಆಂಪನ್ನು ಒಡೆಯೋ ಅಂಚಿಗೆ ತಂದು, ಗಿಟಾರಿನ ವಾಲ್ಯೂಮ್ ಐದಕ್ಕಿಳಿಸಿ, ಮತ್ತೆ ಹತ್ತಕ್ಕೇರಿಸಿ. ಮೆಲ್ಲಗೆ ಮೀಟಿದರೆ ಕ್ಲೀನು, ಜೋರಾಗಿ ಮೀಟಿದರೆ ಕ್ರಂಚು ಬರ್ತಿದೆಯಾ? ಅಂಗಡಿಯವನು ಮಧ್ಯೆ ಬಂದು ಎರಡನೇ ಚಾನೆಲ್ ಒತ್ತಿ ತೋರಿಸೋಕೆ ಶುರು ಮಾಡಿದರೆ ನಗ್ತಾ ತಲೆ ಆಡಿಸಿ.

ಹಾಂ, ಟ್ಯೂಬ್ ಆಂಪ್ ರಿಪೇರಿ ಗೊತ್ತಿರೋ ಹಳೇ ವಾಲ್ವ್ ರೇಡಿಯೋ ಮೇಷ್ಟ್ರು ಹುಬ್ಬಳ್ಳಿ-ಧಾರವಾಡ ಕಡೆ ಯಾರಾದರೂ ಇದ್ದರೆ ತಿಳಿಸಿ. ಅಲ್ಲಿನ ಗೆಳೆಯರೊಬ್ಬರ ಆಂಪು ಎರಡು ತಿಂಗಳಿಂದ ಮೂಲೆ ಸೇರಿದೆ.