ಕೊಳ್ಳದ ಪಾಲಿನ ಲೆಕ್ಕ

ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಕಳೆದ ಭಾನುವಾರ ಫೋನ್ ಮಾಡಿದ್ದ. ಎರಡು ಕೋಣೆಯ ಫ್ಲ್ಯಾಟೊಂದನ್ನು ನೋಡಿ ಬಂದಿದ್ದಾನಂತೆ, ಅದರಲ್ಲಿ ಶೇ. 40 ಕೊಳ್ಳಬೇಕೆಂದಿದ್ದಾನಂತೆ. ಪಕ್ಕದಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದ ಅಮ್ಮ, ‘ನಲವತ್ತು ಅಂದರೆ ಅಡುಗೆಮನೆ ಸೇರಿಯೋ ಬಿಟ್ಟೋ?’ ಎಂದರು. ಎಲ್ಲರೂ ನಕ್ಕೆವು. ಫೋನ್ ಇಟ್ಟ ಮೇಲೆ ಯೋಚಿಸಿದರೆ, ಆ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ.

ಅಲ್ಲಿ ಇದಕ್ಕೆ ಶೇರ್ಡ್ ಓನರ್‌ಶಿಪ್ ಎನ್ನುತ್ತಾರೆ. ಅಣ್ಣತಮ್ಮಂದಿರೋ ಗಂಡಹೆಂಡಿರೋ ಸೇರಿ ಮಾಡುವ ನಮ್ಮ ಜಂಟಿ ಖರೀದಿ ಇದಲ್ಲ. ಇಲ್ಲಿ ಪಾಲುದಾರ ಒಂದು ಸಂಸ್ಥೆ, ಸಾಮಾನ್ಯವಾಗಿ ಹೌಸಿಂಗ್ ಅಸೋಸಿಯೇಷನ್. ಮನೆಯ ಒಂದು ಪಾಲನ್ನು ನೀವು ಕೊಳ್ಳುತ್ತೀರಿ, ಉಳಿದ ಪಾಲಿಗೆ ಅವರಿಗೆ ಬಾಡಿಗೆ ಕಟ್ಟುತ್ತೀರಿ. 1970ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ನಗರಾಡಳಿತ ‘ಅರ್ಧ–ಅರ್ಧ’ ಎಂದು ಶುರುಮಾಡಿದ ಪ್ರಯೋಗ ಮುಂದೆ ಇಂಗ್ಲೆಂಡಿಗೆಲ್ಲ ಹರಡಿತು. ಮೊದಲೆಲ್ಲ ಕನಿಷ್ಠ ಕಾಲು ಪಾಲು ಕೊಳ್ಳಬೇಕಿತ್ತು. 2021ರ ಹೊಸ ಮಾದರಿಯಲ್ಲಿ ಶೇ. 10 ಸಾಕು. ಮನೆಯ ವರಮಾನ ವರ್ಷಕ್ಕೆ 80,000 ಪೌಂಡ್, ಲಂಡನ್ನಿನಲ್ಲಾದರೆ 90,000 ಪೌಂಡ್ ಮೀರಿರಬಾರದು.

ಅಳಿಯನ ಉತ್ಸಾಹ ನನಗೆ ಅರ್ಥವಾಗುತ್ತದೆ. 3 ಲಕ್ಷ ಪೌಂಡಿನ ಮನೆ ಎಂದುಕೊಳ್ಳೋಣ. ಶೇ. 40 ಎಂದರೆ 1,20,000. ಅದರ ಹತ್ತನೇ ಒಂದು ಭಾಗ, 12,000 ಪೌಂಡ್ ಕೈಯಿಂದ ಹಾಕಿದರೆ ಮಿಕ್ಕಿದ್ದಕ್ಕೆ ಬ್ಯಾಂಕ್ ಇದೆ. ಇಡೀ ಮನೆಗಾದರೆ 30,000 ಹೊಂದಿಸಬೇಕಿತ್ತು. ಇಷ್ಟನ್ನು ಮಾರಾಟ ಕಚೇರಿಯ ಹುಡುಗಿ ನಗುನಗುತ್ತಾ ಹೇಳಿರುತ್ತಾಳೆ. ಕೊಳ್ಳದೆ ಉಳಿದ 1,80,000 ಪೌಂಡಿನ ಪಾಲಿನ ಮಾತು ಬ್ರೋಷರಿನ ಕೊನೆಯ ಪುಟದಲ್ಲಿರುತ್ತದೆ. ಅದಕ್ಕೆ ಶೇ. 2.75ರಂತೆ ವರ್ಷಕ್ಕೆ 4,950 ಪೌಂಡ್ ಬಾಡಿಗೆ, ತಿಂಗಳಿಗೆ ಸುಮಾರು 412. ಅದು ನಿಂತಲ್ಲಿ ನಿಲ್ಲುವುದೂ ಇಲ್ಲ. ಹೊಸ ಕರಾರುಗಳಲ್ಲಿ ಪ್ರತಿವರ್ಷ ಹಣದುಬ್ಬರದ ಜೊತೆಗೆ ಇನ್ನೂ ಶೇ. 1ರವರೆಗೆ ಏರಿಸಬಹುದು. ಹಣದುಬ್ಬರ ಶೇ. 3 ಇದ್ದರೆ ಏರಿಕೆ ಶೇ. 4, ಹದಿನೆಂಟು ವರ್ಷಕ್ಕೆ ಬಾಡಿಗೆ ಇಮ್ಮಡಿ. ಬ್ಯಾಂಕಿನ ಸಾಲ ಎಂದಾದರೂ ಒಂದು ದಿನ ತೀರುತ್ತದೆ, ಈ ಬಾಡಿಗೆ ತೀರುವುದಿಲ್ಲ.

ನಾನು ಕರಾವಳಿಯವನು. ಇದನ್ನು ಕೇಳುವಾಗ ನನಗೆ ನೆನಪಾದದ್ದು ಮೂಲಗೇಣಿ. ಮಂಗಳೂರು, ಉಡುಪಿ ಪೇಟೆಗಳ ಹಳೆಯ ಮನೆಗಳ ಕಾಗದಪತ್ರ ತೆಗೆದರೆ ಒಂದೇ ಜಾಗಕ್ಕೆ ಇಬ್ಬರು ಸಿಗುತ್ತಾರೆ. ಮೂಲಿ ಒಬ್ಬ, ಮೂಲಗೇಣಿದಾರ ಇನ್ನೊಬ್ಬ. ನೆಲ ಮೂಲಿಯದು. ಮನೆ ಕಟ್ಟಿ, ತೆಂಗು ನೆಟ್ಟು, ಮೂರು ತಲೆಮಾರು ಬಾಳಿದವನು ಗೇಣಿದಾರ. ಆದರೆ ಗೇಣಿ ಒಮ್ಮೆ ನಿಗದಿಯಾದರೆ ಆಯಿತು, ಏರಿಸುವ ಹಾಗಿಲ್ಲ. ಅಜ್ಜ ಒಪ್ಪಿಕೊಂಡ ಚಿಲ್ಲರೆ ಕಾಸು ಮೊಮ್ಮಗನ ಕಾಲಕ್ಕೆ ಕಟ್ಟಲು ಹೋಗುವ ಬಸ್ ಚಾರ್ಜಿಗಿಂತ ಕಡಿಮೆಯಾಗಿರುತ್ತಿತ್ತು. ಒಡೆಯ ಮನಸ್ಸು ಬಂದಂತೆ ಏರಿಸಬಹುದಾದ, ಬಿಡಿಸಬಹುದಾದ ಗೇಣಿಗೆ ಬೇರೆ ಹೆಸರೇ ಇತ್ತು: ಚಾಲಗೇಣಿ. ನಮ್ಮ ಹಿರಿಯರು ಈ ಎರಡನ್ನು ಎಂದೂ ಕಲಸಲಿಲ್ಲ. ಇಂಗ್ಲೆಂಡಿನವರು ಕಲಸಿದ್ದಾರೆ. ಅಲ್ಲಿನ ಪಾಲುದಾರನಿಗೆ ಜಂಬ ಮೂಲಗೇಣಿಯದು, ಏರುವ ಬಾಡಿಗೆ ಮಾತ್ರ ಚಾಲಗೇಣಿಯ ಜಾಯಮಾನದ್ದು. (ಮೂಲಗೇಣಿಯೂ ಸುಖವಾಗಿ ಮುಗಿದ ಕತೆಯಲ್ಲ. 1974ರ ಭೂಸುಧಾರಣೆ ಗದ್ದೆ ತೋಟಗಳ ಗೇಣಿಯನ್ನು ತೊಡೆದರೂ ಪೇಟೆಯ ಮನೆಜಾಗಗಳು ಹಾಗೇ ಉಳಿದವು. ಅವುಗಳ ಗೇಣಿದಾರರಿಗೆ ಒಡೆತನ ಕೊಡಲೆಂದು ರಾಜ್ಯ 2011ರಲ್ಲಿ ಬೇರೆಯೇ ಕಾಯ್ದೆ ಮಾಡಬೇಕಾಯಿತು.)

ಅಮ್ಮನ ಅಡುಗೆಮನೆಯ ಪ್ರಶ್ನೆಗೆ ಬರುತ್ತೇನೆ. ವಾಸಕ್ಕೆ ಇಡೀ ಮನೆ ನಿಮ್ಮದೇ, ಅದರಲ್ಲಿ ಅನುಮಾನವಿಲ್ಲ. ಕಷ್ಟವೆಂದರೆ ಖರ್ಚೂ ಇಡೀ ಮನೆಯದು. ಶೇ. 40 ಕೊಂಡವನು ಕಟ್ಟಡದ ಸರ್ವಿಸ್ ಚಾರ್ಜನ್ನು ತನ್ನ ಫ್ಲ್ಯಾಟಿನ ಪೂರ್ತಿ ಲೆಕ್ಕಕ್ಕೆ ಕಟ್ಟುತ್ತಾನೆ. ಬಾಯ್ಲರ್ ಕೆಟ್ಟರೆ ಪೂರ್ತಿ ರಿಪೇರಿ ಅವನದು. ಹೊಸ ಮಾದರಿಯ ಮನೆಗಳಲ್ಲಿ ಮಾತ್ರ ಮೊದಲ ಹತ್ತು ವರ್ಷ ಕೆಲವು ರಿಪೇರಿಗಳಿಗೆ ವರ್ಷಕ್ಕೆ 500 ಪೌಂಡ್‌ವರೆಗೆ ಸಂಸ್ಥೆ ಕೊಡುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಉರಿದು 72 ಜನ ಸತ್ತರು. ಆಮೇಲೆ ದೇಶದ ಎತ್ತರದ ಕಟ್ಟಡಗಳ ಹೊರಹೊದಿಕೆಯನ್ನೆಲ್ಲ ಪರೀಕ್ಷಿಸಿದಾಗ, ಕಾಲು ಪಾಲಿನ ಒಡೆಯರಿಗೂ ದುರಸ್ತಿಯ ಬಿಲ್ ಪೂರ್ತಿಯಾಗಿ ಬರತೊಡಗಿತು. ಅದಕ್ಕೊಂದು ಮಿತಿ ಬಂದದ್ದು 2022ರ ಕಟ್ಟಡ ಸುರಕ್ಷತಾ ಕಾಯ್ದೆಯಿಂದ.

ಇನ್ನೂ ಗಾಬರಿ ಹುಟ್ಟಿಸುವುದು 2007ರ ಒಂದು ತೀರ್ಪು. ಮನೆಯ ಅರ್ಧ ಪಾಲು ಕೊಂಡಿದ್ದ ಮಹಿಳೆಯೊಬ್ಬಳ ಬಾಡಿಗೆ ಬಾಕಿ ಬಿತ್ತು. ಕಾನೂನಿನ ಕಣ್ಣಿನಲ್ಲಿ ಆಕೆ ಬಾಡಿಗೆದಾರಳು ಮಾತ್ರ ಎಂದಿತು ನ್ಯಾಯಾಲಯ. ಮನೆ ಹೋಯಿತು, ದುಡ್ಡು ಕೊಟ್ಟು ಕೊಂಡ ಅರ್ಧದ ಮೇಲೂ ಕಾನೂನಿನ ಹಕ್ಕು ಉಳಿಯಲಿಲ್ಲ. 21 ವರ್ಷ ಮೀರಿದ ಲೀಸುಗಳನ್ನು ಆ ಬಗೆಯ ಬಾಡಿಗೆ ಕಾನೂನಿನ ಹಿಡಿತದಿಂದ ಬಿಡಿಸಲು ಸಂಸತ್ತು 2025ರವರೆಗೆ ಕಾಯಿಸಿತು.

ಹಾಗಾದರೆ ಉಳಿದ ಪಾಲನ್ನೂ ಕೊಂಡುಬಿಡಬಹುದಲ್ಲ ಎಂದರೆ, ಖಂಡಿತ ಕೊಳ್ಳಬಹುದು. ಅದಕ್ಕೆ ಅಲ್ಲಿ ಸ್ಟೇರ್‌ಕೇಸಿಂಗ್ ಎನ್ನುತ್ತಾರೆ, ಮೆಟ್ಟಿಲು ಹತ್ತುವುದು. ಆದರೆ ಪ್ರತಿ ಮೆಟ್ಟಿಲಿಗೂ ಬೆಲೆ ಆ ದಿನದ ಮಾರುಕಟ್ಟೆಯದು. 3 ಲಕ್ಷದ ಮನೆ 4 ಲಕ್ಷವಾದರೆ, ಅಂದು 1,80,000 ಪೌಂಡಿಗೆ ಸಿಗಬಹುದಾಗಿದ್ದ ಪಾಲಿಗೆ ಇಂದು 2,40,000. ನಮ್ಮ ಮನೆಯ ಬೆಲೆ ಏರಿತೆಂದು ಅರ್ಧ ಮನಸ್ಸಿನಿಂದ ಕೊರಗಬೇಕಾದ ವಿಚಿತ್ರ ಒಡೆತನ ಇದು. ದೊಡ್ಡ ಮೆಟ್ಟಿಲಾದರೆ ಮೌಲ್ಯಮಾಪಕನಿಗೆ, ವಕೀಲನಿಗೆ ಮತ್ತೆ ಮತ್ತೆ ಫೀಸು. ಹೊಸ ಮಾದರಿಯಲ್ಲಿ ವರ್ಷಕ್ಕೆ ಶೇ. 1ರಂತೆ ಹದಿನೈದು ವರ್ಷ ಕೊಳ್ಳುವ ಸಣ್ಣ ಮೆಟ್ಟಿಲುಗಳೂ ಇವೆ. ಆದರೆ ಆ ಲೆಕ್ಕದಲ್ಲಿ 40ರಿಂದ ಹೊರಟವನು ಹದಿನೈದು ವರ್ಷಕ್ಕೆ 55 ತಲುಪುತ್ತಾನೆ.

ಇಷ್ಟೆಲ್ಲ ಹೇಳಿದೆನೆಂದು ಇದನ್ನು ಮೋಸವೆನ್ನಲಾರೆ. ಪೂರ್ತಿ ಮನೆ ಕೈಗೆಟುಕದ ದಾದಿಗೆ, ಮೇಷ್ಟ್ರಿಗೆ, ಖಾಸಗಿ ಬಾಡಿಗೆ ಮನೆಯ ಅನಿಶ್ಚಿತತೆಗಿಂತ ಇದು ಎಷ್ಟೋ ಮೇಲು. ಮಕ್ಕಳು ಒಂದೇ ಶಾಲೆಯಲ್ಲಿ ಓದು ಮುಗಿಸಬಹುದು, ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲ. ನನ್ನ ತಕರಾರು ಹೆಸರಿನ ಮೇಲೆ. ಇದನ್ನು ಒಡೆತನ ಎನ್ನದೆ ದೀರ್ಘಾವಧಿಯ ಗೇಣಿ ಎಂದಿದ್ದರೆ ಕೊಳ್ಳುವವರು ಬೇರೆ ಪ್ರಶ್ನೆಗಳನ್ನು ಕೇಳುತ್ತಿದ್ದರು.

ಅಳಿಯನಿಗೆ ಬರೆದಿದ್ದೇನೆ: ಆ ಕಟ್ಟಡದ ಕಳೆದ ಮೂರು ವರ್ಷಗಳ ಸರ್ವಿಸ್ ಚಾರ್ಜಿನ ಬಿಲ್ಲುಗಳನ್ನು ತರಿಸಿಕೋ. ಲೀಸು ಎಷ್ಟು ವರ್ಷದ್ದು ನೋಡು, ಹೊಸದಾದರೆ 990, ಹಳೆಯದಾದರೆ 99ಕ್ಕೇ ಮುಗಿಯಬಹುದು. ಬಾಡಿಗೆ ಏರಿಕೆಯ ಷರತ್ತನ್ನು ವಕೀಲನ ಹತ್ತಿರ ಗಟ್ಟಿಯಾಗಿ ಓದಿಸು. ಹತ್ತು ವರ್ಷದೊಳಗೆ ನೂರಕ್ಕೆ ನೂರು ಮಾಡಿಕೊಳ್ಳುವ ದಾರಿ ಕಾಣುತ್ತಿದ್ದರೆ ಸಹಿ ಹಾಕು. ಕಾಣದಿದ್ದರೆ ಇನ್ನೆರಡು ವರ್ಷ ಬಾಡಿಗೆ ಮನೆಯಲ್ಲೇ ಇದ್ದು ದುಡ್ಡು ಕೂಡಿಸು.