ರಿವಾಲ್ವರ್ ಕೆಟ್ಟರೆ ಕಂಬಾರನಿಗೇಕೆ ಜೈಲು?

ಹೊಸ ಪಂಪ್‌ಸೆಟ್ ಕೆಟ್ಟರೆ ವಡಗೇರಾದ ರೈತ ಮೊದಲು ಹುಡುಕುವುದು ಊರ ಮಿಸ್ತ್ರಿಯನ್ನು. ಗ್ಯಾರಂಟಿ ಚೀಟಿ ಗೂಡಿನಲ್ಲೇ ಉಳಿಯುತ್ತದೆ. ಆದರೆ ಲೈಸೆನ್ಸಿನ ಮೇಲೆ ಕೊಂಡ ಹೊಸ ರಿವಾಲ್ವರಿನ ಕುದುರೆ ಬಿಗಿಯಾದರೆ? "ಒಂದೀಟು ಅರ ಹಾಕಿ ಕೊಡಪ್ಪಾ" ಎಂದು ಕಂಬಾರನ ಕುಲುಮೆಗೆ ಒಯ್ದೀರಿ, ಜೋಕೆ!

1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ರಿಪೇರಿಯ ಕಸುಬಿಗೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಅದನ್ನು ಮೀರಿದವನಿಗೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಕೂಲಿಗೆ ಕೈ ಹಾಕಿದ ಕಂಬಾರ ಕಟಕಟೆಯಲ್ಲಿ, ಕೆಟ್ಟ ಮಾಲು ಮಾರಿದವನು ಗಾದಿಯ ಮೇಲೆ. ಇದ್ಯಾವ ನ್ಯಾಯ ಸ್ವಾಮಿ?

ದಾರಿ ಇಲ್ಲದಿಲ್ಲ. ಗುಂಡು ತೆಗೆದು, ಬಿಲ್ಲು, ಗ್ಯಾರಂಟಿ ಚೀಟಿ, ಲೈಸೆನ್ಸ್ ಸಮೇತ ಮಾರಿದ ಅಂಗಡಿಗೇ ಒಯ್ಯಬೇಕು. ಲೈಸೆನ್ಸುದಾರ ತಾನೇ ಹೋಗಲಾಗದಿದ್ದರೆ ಲಿಖಿತ ಒಪ್ಪಿಗೆ ಕೊಟ್ಟು ಇನ್ನೊಬ್ಬರ ಕೈಲಿ ರಿಪೇರಿಗೆ ಕಳಿಸಲು ಅದೇ ಕಾಯ್ದೆಯ 3ನೇ ಕಲಮಿನಲ್ಲಿ ಅವಕಾಶವಿದೆ. ಕೊಟ್ಟದ್ದಕ್ಕೆ ರಸೀದಿ ಮರೆಯಬಾರದು.

"ಕಾರ್ಖಾನಿ ಕಾನ್ಪುರದಾಗ ಐತ್ರಿ, ನಾವೇನ್ ಮಾಡೂಣು?" ಎಂದು ಅಂಗಡಿಯವ ಕೈ ಚೆಲ್ಲಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಕೊಂಡವನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ 2 ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕವಿಲ್ಲ.

ಅಂಗಡಿಗೆ ನಾಲ್ಕು ಸಲ ಅಲೆದಾಡುವುದು ಬೇಸರದ ಕೆಲಸ, ಖರೆ. ಆದರೂ ಬಡ ಕಂಬಾರನ 7 ವರ್ಷಕ್ಕಿಂತ ಅದು ಅಗ್ಗ.